ನಮ್ಮ ಅಂಗಡಿ ಕಂಪ್ಯೂಟರಿಗೆ ಪ್ಲ್ಯಾಂಕ್ ಡಾಕ್ ಹೊಂದಿಸಿದ ಬಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಪಹಣಿ ಪ್ರಿಂಟ್, ಸ್ಕಾಲರ್‌ಶಿಪ್ ಅರ್ಜಿ, ಮದುವೆ ಕಾರ್ಡು, ಬನಶಂಕರಿ ಜಾತ್ರೆ ಹತ್ತಿರ ಬಂದರೆ ನಾಟಕದ ಹ್ಯಾಂಡ್‌ಬಿಲ್. ಕಂಪ್ಯೂಟರ್‌ಗಳು ಹಳೆಯವು, ಅದಕ್ಕೇ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ ಹಾಕಿದ್ದೇನೆ. ಅದರ ಮೇಲೆ ಪ್ಲ್ಯಾಂಕ್ ಅನ್ನುವ ಡಾಕ್. ದಿನಾ ಬೇಕಾಗುವ ಪ್ರೋಗ್ರಾಂಗಳ ಐಕಾನ್‌ಗಳೆಲ್ಲ ಅಲ್ಲಿ ಸಾಲಾಗಿ ಕಣ್ಣಿಗೆ ಬೀಳುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೆನುವಿನಲ್ಲಿ ಹುಡುಕುತ್ತ ಕೂರಬೇಕಿಲ್ಲ.

ಪ್ಲ್ಯಾಂಕ್ ತುಂಬ ಹಗುರ. ತೊಂದರೆ ಬಂದಾಗ ಜನ ಮೊದಲು ಅದನ್ನೇ ತೆಗೆದು ಮತ್ತೆ ಹಾಕುತ್ತಾರೆ. ನಾನು ಕಂಡಂತೆ ತೊಂದರೆಯ ಮೂಲ ಬಹಳ ಸಲ ಅದರ ಸುತ್ತಮುತ್ತ ಇರುತ್ತದೆ. ಅಲ್ಲಿಂದಲೇ ಹುಡುಕಲು ಶುರು ಮಾಡಿ.

ಉದಾಹರಣೆಗೆ, ಡಾಕ್ ಹಾಕಿದ ಕೂಡಲೇ ಪರದೆಗೆ ಅಡ್ಡಲಾಗಿ ಮಸುಕಾದ ಒಂದು ಗೆರೆ ಕಂಡಿತು. ಎಕ್ಸ್‌ಎಫ್‌ಸಿಇ ಬಳಸುವ ಬಹಳ ಜನ ಇದನ್ನು ನೋಡಿರುತ್ತಾರೆ. ಅದು ಡಾಕ್‌ನ ನೆರಳು. ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್ ತೆರೆದು, ಕಂಪೋಸಿಟರ್ ಅನ್ನುವ ಟ್ಯಾಬ್‌ಗೆ ಹೋಗಿ, ಡಾಕ್ ವಿಂಡೋಗಳ ಕೆಳಗೆ ನೆರಳು ತೋರಿಸುವ ಆಯ್ಕೆಯ ಗುರುತು ತೆಗೆದೆ. ಗೆರೆ ಮಾಯ. ಆದರೆ ಅದೇ ಟ್ಯಾಬ್‌ನಲ್ಲಿ ಕಂಪೋಸಿಟರನ್ನೇ (ನೆರಳು, ಪಾರದರ್ಶಕತೆ ಮೂಡಿಸುವ ಭಾಗ) ಆಫ್ ಮಾಡಬೇಡಿ. ಡಾಕ್‌ನ ಹಿಂದಿನ ಜಾಗ ಪಾರದರ್ಶಕವಾಗಿ ಕಾಣಲು ಅದು ಬೇಕೇ ಬೇಕು. ಇಲ್ಲದಿದ್ದರೆ ಆ ಜಾಗ ಕಪ್ಪಾಗಿಬಿಡುತ್ತದೆ. ಒಂದು ಕಂಪ್ಯೂಟರಿನಲ್ಲಿ ಬೆಳಿಗ್ಗೆ ಆನ್ ಮಾಡಿದಾಗ ಮಾತ್ರ ಹೀಗೆ ಕಪ್ಪಾಗುತ್ತಿತ್ತು. ಕಂಪೋಸಿಟರ್ ಎದ್ದೇಳುವ ಮುಂಚೆ ಡಾಕ್ ಎದ್ದಿರುತ್ತಿತ್ತು. ಆಟೋಸ್ಟಾರ್ಟ್‌ನಲ್ಲಿ ಪ್ಲ್ಯಾಂಕ್ ಶುರುವಾಗುವ ಮುನ್ನ ಕೆಲವು ಸೆಕೆಂಡ್ ಕಾಯುವಂತೆ ಸ್ಲೀಪ್ ಕಮಾಂಡ್ ಸೇರಿಸಿದ ಮೇಲೆ ಸರಿಹೋಯಿತು.

ಜಾಸ್ತಿ ತಲೆ ತಿಂದದ್ದು ಜೋಡಿ ಐಕಾನ್. "ಅಣ್ಣಾರ, ಇಂಕ್‌ಸ್ಕೇಪ್ ಎರಡೆರಡು ಬಂದಾವ್ರಿ, ಯಾವುದು ಒತ್ತಲಿ?" ಅಂತ ಅಂಗಡಿಯ ಹುಡುಗಿ ಕೇಳಿದಳು. ಇಂಕ್‌ಸ್ಕೇಪ್ ಅಂದರೆ ಚಿತ್ರ, ಡಿಸೈನ್ ಮಾಡುವ ಪ್ರೋಗ್ರಾಂ. ಡಾಕ್‌ನಲ್ಲಿ ನಾವು ಇಟ್ಟ ಐಕಾನ್ ಒಂದು. ಅದನ್ನು ಒತ್ತಿದರೆ ತೆರೆದ ವಿಂಡೋಗೆ ಬೇರೆಯೇ ಇನ್ನೊಂದು ಐಕಾನ್. ಈ ಇಂಕ್‌ಸ್ಕೇಪ್ ಆಪ್‌ಇಮೇಜ್ ರೂಪದ್ದು, ಅಂದರೆ ಇನ್‌ಸ್ಟಾಲ್ ಮಾಡದೆ ಒಂದೇ ಫೈಲಿನಿಂದ ಓಡುವಂಥದ್ದು. ಅದರ ಲಾಂಚರ್ ಫೈಲನ್ನು (ಪ್ರೋಗ್ರಾಂನ ಹೆಸರು, ಐಕಾನ್, ಶುರು ಮಾಡುವ ಕಮಾಂಡ್ ಇರುವ ಚಿಕ್ಕ ಫೈಲ್) ಕೈಯಿಂದ ಬರೆದದ್ದು. ತೆರೆದ ವಿಂಡೋ ಯಾವ ಲಾಂಚರಿನದು ಅಂತ ಪ್ಲ್ಯಾಂಕ್‌ಗೆ ತಾಳೆ ಸಿಗಬೇಕು. ಸಿಗದಿದ್ದರೆ ಇದು ಬೇರೆ ಪ್ರೋಗ್ರಾಂ ಅಂದುಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಎಕ್ಸ್‌ಪ್ರಾಪ್ (xprop) ಅನ್ನುವ ಕಮಾಂಡ್ ಕೊಟ್ಟು ಆ ವಿಂಡೋ ಮೇಲೆ ಕ್ಲಿಕ್ ಮಾಡಿದರೆ ಉದ್ದದ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಡಬ್ಲ್ಯೂಎಂ ಕ್ಲಾಸ್ (WM_CLASS) ಎಂದಿರುವ ಸಾಲು ನೋಡಿ. ಅಲ್ಲಿ ಎರಡು ಹೆಸರು ಇರುತ್ತವೆ. ಎರಡನೆಯದನ್ನು ಇದ್ದದ್ದು ಇದ್ದ ಹಾಗೆ ಲಾಂಚರ್ ಫೈಲಿನ ಸ್ಟಾರ್ಟ್‌ಅಪ್ ಡಬ್ಲ್ಯೂಎಂ ಕ್ಲಾಸ್ (StartupWMClass) ಸಾಲಿಗೆ ಬರೆದೆ. ಲಾಗೌಟ್ ಆಗಿ ಮತ್ತೆ ಒಳಗೆ ಬಂದಾಗ ಒಂದೇ ಐಕಾನ್ ಉಳಿದಿತ್ತು.

ಇನ್ನು ಜಾಗದ ಮಾತು. ಡಾಕ್ ಅಂದರೆ ಕೆಳಗೇ ಇರಬೇಕು ಅಂತ ಬಹಳ ಜನರ ಮನಸ್ಸಿನಲ್ಲಿದೆ. ನಮ್ಮ ಪರದೆಗಳು 1366×768. ಅಗಲ ಬೇಕಾದಷ್ಟು, ಎತ್ತರ ಕಮ್ಮಿ. ನಾವು ಕೆಲಸ ಮಾಡುವುದು ನಿಂತ ಎ4 ಹಾಳೆಯ ಮೇಲೆ. ಡಾಕ್ ಕೆಳಗಿದ್ದರೆ ಹಾಳೆ ಇನ್ನೂ ಕಡಿಮೆ ಕಾಣುತ್ತದೆ. ಅಡಗುವಂತೆ ಮಾಡಿದರೆ ಬೇರೆ ಕಿರಿಕಿರಿ. ಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್ ಪ್ರೋಗ್ರಾಂನಲ್ಲಿ ಶೀಟ್ ಬದಲಿಸಲು ಮೌಸ್ ಕೆಳಗೆ ಒಯ್ದರೆ ಸಾಕು, ಡಾಕ್ ಎದ್ದು ಬಂದು ಅಡ್ಡ ನಿಲ್ಲುತ್ತದೆ. ಹಾಗಾಗಿ ಎಡಕ್ಕೆ ಸರಿಸಿದೆ, ಅಡಗುವುದನ್ನು ಪೂರ್ತಿ ನಿಲ್ಲಿಸಿದೆ. ಅಡಗದೇ ಇರುವ ಡಾಕ್ ತನ್ನ ಜಾಗವನ್ನು ಕಾಯ್ದಿರಿಸಿಕೊಳ್ಳುತ್ತದೆ, ದೊಡ್ಡದು ಮಾಡಿದ ವಿಂಡೋ ಅದರ ಪಕ್ಕಕ್ಕೇ ನಿಲ್ಲುತ್ತದೆ. ಅಂಗಡಿ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೊಂದಿಕೆ ನನಗೆ ಕಂಡಿಲ್ಲ. ಈ ಸೆಟ್ಟಿಂಗ್‌ಗಳನ್ನು ತೆರೆಯಲು ಕಂಟ್ರೋಲ್ ಕೀ ಒತ್ತಿ ಹಿಡಿದು ಡಾಕ್ ಮೇಲೆ ಬಲಗಡೆಯ ಕ್ಲಿಕ್ ಮಾಡಿ. ಐಕಾನ್ ದೊಡ್ಡದಾಗುವ ಝೂಮ್ ನೋಡಲು ಚಂದ, ಆದರೆ ಅವಸರದಲ್ಲಿ ಕೈ ತಪ್ಪುತ್ತದೆ. ಅದನ್ನು ತೆಗೆದುಬಿಟ್ಟೆ. ಐಕಾನ್‌ಗಳನ್ನು ಲಾಕ್ ಮಾಡುವುದೂ ಅಲ್ಲೇ. ಲಾಕ್ ಇಲ್ಲದಿದ್ದರೆ ಐಕಾನ್ ಹೊರಗೆ ಎಳೆದಾಗ ಡಾಕ್‌ನಿಂದ ಹೋಗಿಬಿಡುತ್ತದೆ. ಗಿರಾಕಿಗಳ ಮಕ್ಕಳು ಮೌಸ್ ಹಿಡಿಯುವ ಅಂಗಡಿಯಲ್ಲಿ ಇದು ಬೇಕು ಅಲ್ವಾ?

ನನಗೆ ಬಹಳ ಖುಷಿ ಕೊಟ್ಟ ಬದಲಾವಣೆ ಕನ್ನಡದ ಹೆಸರುಗಳು. ಐಕಾನ್ ಮೇಲೆ ಮೌಸ್ ಇಟ್ಟಾಗ ಈಗ 'ಸ್ಕ್ಯಾನ್ ಮಾಡು', 'ಕಾರ್ಡ್ ಡಿಸೈನ್', 'ಅರ್ಜಿ ಟೈಪ್' ಅಂತ ಬರುತ್ತದೆ. ಯುಎಸ್‌ಆರ್, ಶೇರ್, ಅಪ್ಲಿಕೇಶನ್ಸ್ (/usr/share/applications) ಫೋಲ್ಡರಿನಲ್ಲಿರುವ ಲಾಂಚರ್ ಫೈಲನ್ನು ಹೋಮ್ ಒಳಗಿನ ಡಾಟ್ ಲೋಕಲ್, ಶೇರ್, ಅಪ್ಲಿಕೇಶನ್ಸ್ (~/.local/share/applications) ಫೋಲ್ಡರಿಗೆ ಅದೇ ಹೆಸರಿನಲ್ಲಿ ನಕಲು ಮಾಡಿ, ಒಳಗಿನ ನೇಮ್ ಸಾಲು ಬದಲಿಸಿದರೆ ಮುಗಿಯಿತು. ಪ್ರೋಗ್ರಾಂ ಅಪ್‌ಡೇಟ್ ಆದರೂ ಹೋಮ್‌ನ ನಕಲು ಹಾಗೇ ಉಳಿಯುತ್ತದೆ. ಒಂದು ಮಾತು ನೆನಪಿರಲಿ. ಪ್ಲ್ಯಾಂಕ್ ಪ್ರತಿ ಐಕಾನ್‌ಗೂ ಲಾಂಚರ್ ಫೈಲಿನ ಪೂರ್ತಿ ವಿಳಾಸ ಬರೆದಿಟ್ಟುಕೊಂಡಿರುತ್ತದೆ. ಹಾಗಾಗಿ ಹಳೆಯ ಐಕಾನ್ ತೆಗೆದು, ಮೆನುವಿನಿಂದ ಹೊಸದನ್ನು ಎಳೆದು ತಂದು ಇಡಬೇಕು. ಇಲ್ಲದಿದ್ದರೆ ಹಳೆಯ ಹೆಸರೇ ತೋರಿಸುತ್ತಿರುತ್ತದೆ.

ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ವ್ಯವಸ್ಥೆ ಎರಡು ಬಗೆ, ಹಳೆಯ ಎಕ್ಸ್11 ಮತ್ತು ಹೊಸ ವೇಲ್ಯಾಂಡ್. ಪ್ಲ್ಯಾಂಕ್ ಎಕ್ಸ್11 ಸೆಶನ್‌ಗಾಗಿ ಮಾಡಿದ್ದು. ವೇಲ್ಯಾಂಡ್ ಸೆಶನ್ ಇರುವ ಕಂಪ್ಯೂಟರಿನಲ್ಲಿ ಇದರ ಜೊತೆ ಗುದ್ದಾಡಬೇಡಿ, ಅಲ್ಲಿಯ ಡೆಸ್ಕ್‌ಟಾಪಿನ ಜೊತೆಗೇ ಬರುವ ಡಾಕ್ ಬಳಸಿ.

ಎಲ್ಲ ಹೊಂದಿಸಿದ ಮೇಲೆ ಇನ್ನೊಂದು ಕಂಪ್ಯೂಟರಿಗೂ ಅದನ್ನೇ ಒಯ್ದೆ. ಡಾಟ್ ಕಾನ್ಫಿಗ್ ಒಳಗಿನ ಪ್ಲ್ಯಾಂಕ್ ಫೋಲ್ಡರಿನಲ್ಲಿ ಐಕಾನ್‌ಗಳ ಫೈಲುಗಳಿವೆ. ಅವುಗಳ ಸಾಲಿನ ಕ್ರಮ, ಗಾತ್ರ, ಎಡವೋ ಬಲವೋ ಅನ್ನುವುದೆಲ್ಲ ಡಿಕಾನ್ಫ್ (dconf) ಅನ್ನುವ ಸೆಟ್ಟಿಂಗ್‌ಗಳ ಸಂಗ್ರಹದಲ್ಲಿ ಇರುತ್ತದೆ. ಅದನ್ನು ಡಂಪ್ ಕಮಾಂಡಿನಿಂದ ಒಂದು ಫೈಲಿಗೆ ಇಳಿಸಿಕೊಂಡು, ಆ ಕಂಪ್ಯೂಟರಿನಲ್ಲಿ ಲೋಡ್ ಮಾಡಬೇಕು. ಕನ್ನಡ ಹೆಸರಿನ ಲಾಂಚರ್ ಫೈಲುಗಳನ್ನೂ ಜೊತೆಗೆ ಒಯ್ಯಿರಿ. ಎರಡೂ ಕಡೆ ಯೂಸರ್ ಹೆಸರು ಒಂದೇ ಇದ್ದರೆ ಕೆಲಸ ಸಲೀಸು, ಫೈಲಿನ ವಿಳಾಸದಲ್ಲಿ ಆ ಹೆಸರೂ ಸೇರಿರುತ್ತದೆ.