ಸೀರೆಯ ಬೆಲೆಯಲ್ಲಿ ನೇಕಾರರ ಕೂಲಿ ಎಷ್ಟು? ಕೊಳ್ಳುವ ಮುನ್ನ ಕೇಳಿ

ಕೈಮಗ್ಗದ ಸೀರೆ ಕೊಂಡರೆ ನೇಕಾರರಿಗೆ ಒಳ್ಳೆಯದಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅದು ಅರ್ಧ ಮಾತ್ರ ನಿಜ. 2019-20ರ ರಾಷ್ಟ್ರೀಯ ಕೈಮಗ್ಗ ಗಣತಿಯಲ್ಲಿ, ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ ಎಂದು ಕಂಡುಬಂತು. ನಾವು ಕೊಟ್ಟ ದುಡ್ಡು ಮಗ್ಗದ ತನಕ ಹೋಗುತ್ತಿದೆಯಾ ಎಂದು ನೋಡಿ ಕೊಳ್ಳುವುದು ಹೇಗೆ? ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ಇಟ್ಟುಕೊಂಡು ನೋಡೋಣ.

1. ಕೈಮಗ್ಗದ್ದೇ ಹೌದಾ ನೋಡಿ

ಸೀರೆ ಬಿಚ್ಚಿಸಿ. ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ಹಿಂಬದಿಯಿಂದ ನೋಡಿ. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿಗೊಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ. ಟೋಪ್ ತೆನಿ ಎಂದು ಕರೆಯುವ ಇಳಕಲ್ ಸೆರಗಿನ ಗುಟ್ಟು ಇದೇ. ಆ ಕುಣಿಕೆಗಳ ಸಾಲು ಕೈಗೆ ಸಿಗುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಹಣಿಗೆ, ಕೋಟೆ, ಜೋಳದ ತೆನೆಯ ಆಕಾರಗಳಿರುತ್ತವೆ. ನಕಲು ಸೀರೆಯಲ್ಲಿ ಸಾಮಾನ್ಯವಾಗಿ ಒಂದೇ ಹಾಸು ಕೊನೆಯವರೆಗೂ ಓಡುತ್ತದೆ, ಬಣ್ಣ ಮಾತ್ರ ಬದಲಾಗುತ್ತದೆ.

ನೂಲಿನ ಬಗ್ಗೆ ಅನುಮಾನ ಬಂದರೆ ಮನೆಗೆ ಬಂದಮೇಲೆ ಗೊಂಡೆಯಿಂದ ಒಂದೆಳೆ ಕಿತ್ತು ಸುಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬರುತ್ತದೆ, ರೇಷ್ಮೆಯಾದರೆ ಸುಟ್ಟ ಕೂದಲಿನ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ವಿದ್ಯುತ್ ಮಗ್ಗದಲ್ಲಿ ದುಡಿಯುವವರೂ ಬಡವರೇ. ಅವರ ಬಟ್ಟೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಅದನ್ನು ಕೈಮಗ್ಗ ಎಂದು ಹೇಳಿ ಮಾರುವುದು ಮೋಸ.

2. ಬಟ್ಟೆಯ ಮೇಲಿನ ಗುರುತಿನ ಚೀಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹೆಚ್ಚಿನವರು ಎಡವುವುದು ಇಲ್ಲಿಯೇ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್, ಬಟ್ಟೆಯನ್ನು ಕೈಮಗ್ಗದಲ್ಲಿ ನೇಯ್ದಿದ್ದಾರೆ ಎನ್ನುತ್ತದೆ. ಸಿಲ್ಕ್ ಮಾರ್ಕ್ ಅಪ್ಪಟ ರೇಷ್ಮೆ ಎನ್ನುತ್ತದೆ. ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಯಾವ ಊರಿನ ಕಸುಬು ಎಂದು ತಿಳಿಸುತ್ತದೆ. ಮೂರೂ ಬೇಕಾದವೇ. ಆದರೆ ನೇಯ್ದವರಿಗೆ ಎಷ್ಟು ಕೂಲಿ ಸಿಕ್ಕಿತು ಎಂದು ಮೂರರಲ್ಲಿ ಒಂದೂ ಹೇಳುವುದಿಲ್ಲ.

ಫೇರ್‌ಟ್ರೇಡ್ ಹತ್ತಿಯ ಗುರುತನ್ನೂ ಸರಿಯಾಗಿ ಓದಬೇಕು. ಅದು ಹತ್ತಿ ಬೆಳೆದ ರೈತರಿಗೆ ಕನಿಷ್ಠ ಬೆಲೆ ಮತ್ತು ಅದರ ಮೇಲೆ ಊರಿನ ಕೆಲಸಕ್ಕೆ ಒಂದಿಷ್ಟು ಹೆಚ್ಚುವರಿ ಹಣ ಸಿಗುವಂತೆ ಮಾಡುವ ಏರ್ಪಾಡು. ನೇಕಾರರ ಕೂಲಿಯ ಭರವಸೆ ಅಲ್ಲ. ಕರಕುಶಲ ವಸ್ತುಗಳಿಗಾದರೆ ವಿಶ್ವ ಫೇರ್ ಟ್ರೇಡ್ ಸಂಘಟನೆ, ಅಂದರೆ ಡಬ್ಲ್ಯುಎಫ್‌ಟಿಒ, ಗುರುತು ಹುಡುಕಿ. ಅದು ಇಡೀ ಸಂಸ್ಥೆಯನ್ನೇ ಹತ್ತು ತತ್ವಗಳ ಮೇಲೆ ಅಳೆಯುತ್ತದೆ. ನ್ಯಾಯವಾದ ಬೆಲೆ ಕೊಡುವುದು ಅದರಲ್ಲೊಂದು. ಹೊರದೇಶದಲ್ಲಿದ್ದು ಆನ್‌ಲೈನಿನಲ್ಲಿ ಕೊಳ್ಳುವ ಕನ್ನಡಿಗರಿಗೆ ಇದು ಜಾಸ್ತಿ ಉಪಯೋಗ.

ನಮ್ಮ ಸಣ್ಣ ಸಂಘಗಳಲ್ಲಿ ಎಷ್ಟೋ ಒಳ್ಳೆಯವು ಇಂಥ ಗುರುತಿಗೆ ಖರ್ಚು ಮಾಡುವ ಸ್ಥಿತಿಯಲ್ಲಿಲ್ಲ. ಹಾಗಾಗಿ ಗುರುತಿಲ್ಲ ಎಂದು ಸುಮ್ನೆ ಬಿಟ್ಟು ಬರಬೇಡಿ.

3. ಕೂಲಿಯ ಲೆಕ್ಕ ಕೇಳಿ

ಅಂಗಡಿಯವರನ್ನು ಎರಡೇ ಪ್ರಶ್ನೆ ಕೇಳಿ. ಈ ಸೀರೆ ನೇಯಲು ಎಷ್ಟು ದಿನ ಬೇಕು? ನೇಯ್ದವರಿಗೆ ಸೀರೆಗೆ ಎಷ್ಟು ಕೂಲಿ? ನಾಲ್ಕು ದಿನದ ಕೆಲಸಕ್ಕೆ 1,200 ರೂಪಾಯಿ ಎಂದರೆ ದಿನಕ್ಕೆ 300 ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಸಣ್ಣ ಕೊಳವೆಗೆ, ನೂಲು ಸುತ್ತುವುದು, ಹಾಸು ಹೂಡುವುದು, ಕುಣಿಕೆ ಹಾಕುವುದು ಯಾರು? ಬಹಳ ಮನೆಗಳಲ್ಲಿ ಹೆಂಗಸರು, ಮುದುಕರು. ಅವರ ದುಡಿಮೆಗೆ ಬೇರೆ ಕೂಲಿ ಇರುವುದೇ ಅಪರೂಪ. ಇಬ್ಬರು ದುಡಿದಿದ್ದರೆ ಅದೇ 300 ತಲೆಗೆ 150 ಆಯಿತು, ಅಲ್ವಾ? ಬಂದ ಅಂಕಿಯನ್ನು ರಾಜ್ಯದ ಕನಿಷ್ಠ ವೇತನದ ಪಕ್ಕದಲ್ಲಿಟ್ಟು ನೋಡಿ.

ಮಾರುವವರಿಗೆ ಉತ್ತರ ಗೊತ್ತಿಲ್ಲದಿರಬಹುದು. ಆದರೂ ಕೇಳಿ. ಹತ್ತು ಗಿರಾಕಿಗಳು ಇದನ್ನೇ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಅವರು ತಿಳಿದುಕೊಂಡಿರುತ್ತಾರೆ.

4. ಎಲ್ಲಿ ಕೊಳ್ಳುವುದು

ನೂಲು, ನಕ್ಷೆ ಎಲ್ಲ ಸಾವುಕಾರರದ್ದೇ ಆದರೆ ನೇಕಾರರಿಗೆ ಸಿಗುವುದು ಬರೀ ಕೂಲಿ. ಸಹಕಾರ ಸಂಘದಲ್ಲಿ ಅವರೇ ಸದಸ್ಯರು, ಹಾಗಾಗಿ ಬೆಲೆಯ ಬಗ್ಗೆ ಅವರಿಗೂ ಮಾತಿರುತ್ತದೆ. ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ ಇಂಥದ್ದೇ ಒಂದು ಮಹಿಳೆಯರ ಸಹಕಾರ ಸಂಘ. ಸಹಜ ಬಣ್ಣ ಹಾಕಿದ ಅವರ ಬಟ್ಟೆ ‘ದೇಸಿ’ ಹೆಸರಿನ ಅಂಗಡಿಗಳಲ್ಲಿ ಸಿಗುತ್ತದೆ. ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟಿನ ಖಾದಿ ಇದೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳೂ ಇವೆ. ಇಲ್ಲೂ ಮೇಲಿನ ಎರಡು ಪ್ರಶ್ನೆಗಳನ್ನು ಬಿಡಬೇಡಿ.

ಸೀರೆಗೆ ದುಡ್ಡು ಸಾಲದಿದ್ದರೆ ಒಂದು ಟವೆಲ್ಲೋ, ಪಂಚೆಯೋ ತನ್ನಿ. ಸಾಲ ಮಾಡಿ ಕೊಳ್ಳುವ ವಿಷಯ ಇದಲ್ಲ.

5. ದುಡ್ಡು ಕೊಡುವಾಗ

ನೇಕಾರರಿಂದ ನೇರ ಕೊಳ್ಳುವಾಗ ಚೌಕಾಸಿ ಬೇಡ. ನೂಲಿನ ಬೆಲೆ ಅವರ ಕೈಯಲ್ಲಿಲ್ಲ. ನೀವು ಇಳಿಸಿದ್ದೆಲ್ಲ ಅವರ ಕೂಲಿಯಿಂದಲೇ ಹೋಗುತ್ತದೆ.

ಮದುವೆಗೋ ಹಬ್ಬಕ್ಕೋ ಹೇಳಿ ನೇಯಿಸುವುದಾದರೆ ಮುಂಗಡ ಕೊಡಿ. ಕರಕುಶಲಿಗಳು ಕೇಳಿದರೆ ಕನಿಷ್ಠ ಅರ್ಧ ಹಣವನ್ನು ಬಡ್ಡಿಯಿಲ್ಲದೆ ಮೊದಲೇ ಕೊಡಬೇಕು ಎಂದು ಡಬ್ಲ್ಯುಎಫ್‌ಟಿಒ ವ್ಯಾಪಾರಿಗಳಿಗೆ ಹೇಳುತ್ತದೆ. ಅದೇ ನಿಯಮ ನಮಗೂ ಇರಲಿ. ಮುಂಗಡವಿಲ್ಲದಿದ್ದರೆ ಅವರು ನೂಲಿಗೆ ಸಾಲ ಮಾಡಬೇಕಾಗುತ್ತದೆ. ಬಣ್ಣ, ದಡಿ, ಉದ್ದ ಮೊದಲೇ ಬರೆದುಕೊಡಿ. ಹಾಸು ಮಗ್ಗಕ್ಕೆ ಏರಿದ ಮೇಲೆ ಮನಸ್ಸು ಬದಲಿಸಬೇಡಿ. ಉಳಿದ ಹಣವನ್ನು ಸೀರೆ ಕೈಗೆ ಬಂದ ದಿನವೇ ಕೊಟ್ಟುಬಿಡಿ.