ಲಿನಕ್ಸ್ ಕರ್ನಲ್‌ಗೆ ಐಚ್ಛಿಕ ಡ್ರೈವರ್‌ಗಳನ್ನು ಸೇರಿಸುವಾಗ

ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ನೀವೇ ಮೂಲ ಕೋಡ್‌ನಿಂದ ಕಂಪೈಲ್ ಮಾಡಿಕೊಳ್ಳುವಾಗ ಪ್ರತಿ ಡ್ರೈವರ್‌ಗೂ (ಸಾಧನವೊಂದನ್ನು ನಡೆಸುವ ತಂತ್ರಾಂಶಕ್ಕೂ) ಒಂದು ನಿರ್ಧಾರ ಕೈಗೊಳ್ಳಬೇಕಾಗುತ್ತದೆ: ಅದನ್ನು ಕರ್ನಲ್‌ನೊಳಗೇ ಸೇರಿಸಬೇಕೇ, ಬೇಕಾದಾಗ ಲೋಡ್ ಆಗುವ ಪ್ರತ್ಯೇಕ ಮಾಡ್ಯೂಲ್ ಆಗಿ ಇಡಬೇಕೇ, ಇಲ್ಲವೇ ಕೈಬಿಡಬೇಕೇ. ಈ ಆಯ್ಕೆಗಳನ್ನು ಮಾಡುವ ಮೆನುಕಾನ್ಫಿಗ್ ಪರದೆಯಲ್ಲಿ ನಕ್ಷತ್ರ ಚಿಹ್ನೆ ಮೊದಲನೆಯದನ್ನೂ ‘ಎಮ್’ ಅಕ್ಷರ ಎರಡನೆಯದನ್ನೂ ಸೂಚಿಸುತ್ತವೆ.

ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಮೆಮೊರಿಗೆ ಬರುವ ತಾತ್ಕಾಲಿಕ ಫೈಲ್ ಸಿಸ್ಟಮ್) ಇಲ್ಲದೆ ಬೂಟ್ ಮಾಡುವವರು ಸಿಸ್ಟಮ್ಮಿನ ಮುಖ್ಯ ಫೈಲ್‌ಗಳ ರೂಟ್ ವಿಭಾಗವಿರುವ ಡಿಸ್ಕಿನ ಡ್ರೈವರನ್ನೂ ಅದರ ಫೈಲ್ ಸಿಸ್ಟಮ್ಮನ್ನೂ, ಉದಾಹರಣೆಗೆ ಎನ್‌ವಿಎಂಇ ಮತ್ತು ಎಕ್ಸ್‌ಟಿ4 ಎರಡನ್ನೂ, ಒಳಗೇ ಸೇರಿಸಲೇಬೇಕು; ಏಕೆಂದರೆ ಮಾಡ್ಯೂಲ್‌ಗಳು ಇರುವುದೇ ಆ ಡಿಸ್ಕಿನಲ್ಲಿ, ಡಿಸ್ಕನ್ನು ಓದಲಾಗದ ಕರ್ನಲ್ ಅವುಗಳನ್ನು ತಲುಪುವುದಾದರೂ ಹೇಗೆ? ನಾನು ಎಕ್ಸ್‌ಟಿ4 ಅನ್ನು ‘ಎಮ್’ ಎಂದು ಬಿಟ್ಟಿದ್ದಾಗ ಪರದೆಯ ಮೇಲೆ ಕರ್ನಲ್ ಪ್ಯಾನಿಕ್ ಸಂದೇಶ ಬಂದು ಬೂಟ್ ಅಲ್ಲಿಗೇ ನಿಂತಿತು. ವೈಫೈ ಡ್ರೈವರ್‌ನ ವಿಷಯ ಇದಕ್ಕೆ ತದ್ವಿರುದ್ಧ. ಅದಕ್ಕೆ ಬೇಕಾದ ಫರ್ಮ್‌ವೇರ್ (ಸಾಧನದೊಳಗೇ ನಡೆಯುವ ತಂತ್ರಾಂಶ) ಸಾಮಾನ್ಯವಾಗಿ ರೂಟ್ ವಿಭಾಗದಲ್ಲಿಯೇ ಇರುವುದರಿಂದ, ಆ ವಿಭಾಗ ಮೌಂಟ್ ಆದ (ಬಳಕೆಗೆ ಸಿದ್ಧವಾದ) ನಂತರ ಡ್ರೈವರ್ ಲೋಡ್ ಆಗುವಂತೆ ಮಾಡ್ಯೂಲ್ ಆಗಿಡುವುದೇ ಕ್ಷೇಮ.

‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಆಜ್ಞೆಯು ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ಕಂಪೈಲ್ ಪಟ್ಟಿಯಿಂದ ತೆಗೆದುಹಾಕುತ್ತದೆ. ಸಮಯ ಬಹಳ ಉಳಿಯುತ್ತದೆ, ನಿಜ. ಆದರೆ ಅದನ್ನು ನಡೆಸುವ ಮುನ್ನ ಪ್ರಿಂಟರ್, ವೆಬ್‌ಕ್ಯಾಮ್, ಯುಎಸ್‌ಬಿ ಡ್ರೈವ್ ಮುಂತಾಗಿ ಅಪರೂಪಕ್ಕೆ ಬಳಸುವ ಸಾಧನಗಳನ್ನೆಲ್ಲ ಜೋಡಿಸಿ, ಲೋಡ್ ಆದ ಮಾಡ್ಯೂಲ್‌ಗಳನ್ನು ತೋರಿಸುವ ‘ಎಲ್‌ಎಸ್‌ಮಾಡ್’ ಪಟ್ಟಿಯಲ್ಲಿ ಅವುಗಳ ಡ್ರೈವರ್‌ಗಳು ಕಾಣುತ್ತಿವೆಯೇ ಎಂದು ದಯವಿಟ್ಟು ನೋಡಿಕೊಳ್ಳಿ.

ಹೊಸ ಕರ್ನಲ್‌ಗೆ ‘ಲೋಕಲ್ ವರ್ಷನ್’ ಆಯ್ಕೆಯಲ್ಲಿ ಬೇರೆ ಹೆಸರು ಕೊಟ್ಟರೆ ಹಳೆಯ ಮಾಡ್ಯೂಲ್‌ಗಳು ಅಳಿಯುವುದಿಲ್ಲ. ಹೊಸದು ಸರಿಯಾಗಿ ನಡೆಯುವುದು ಖಚಿತವಾಗುವವರೆಗೆ ಬೂಟ್ ಆಗುವಾಗ ಕರ್ನಲ್ಲನ್ನು ಆರಿಸಿಕೊಳ್ಳುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ಲನ್ನೂ ಇಟ್ಟುಕೊಳ್ಳಿ.