ಲಿಫ್ಟ್ ಇಲ್ಲದ ಇಳಿಜಾರಿಗೆ ಪುಣೆಯಿಂದ

ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎಂದರೆ ಬಹುಪಾಲು ಹತ್ತುವ ಕೆಲಸ. ಗುರುತು ಹಾಕಿ ಹದ ಮಾಡಿದ ಇಳಿಜಾರು ಇಲ್ಲಿಲ್ಲ, ಮೇಲೆ ಒಯ್ಯುವ ಲಿಫ್ಟೂ ಇಲ್ಲ. ಗಂಟೆಗಟ್ಟಲೆ ಏರಿದ್ದನ್ನು ನಿಮಿಷಗಳಲ್ಲಿ ಇಳಿದು ಮುಗಿಸುತ್ತೇವೆ. ಆದ್ದರಿಂದ ಹಿಮವೇ ಬೀಳದ ಪುಣೆಯಲ್ಲೂ ಇದರ ಅರ್ಧ ತಯಾರಿ ಮಾಡಿಕೊಳ್ಳಬಹುದು.

ನಾವು ನಾಲ್ವರು: ನಾನು, ಹುಬ್ಬಳ್ಳಿಯ ಸಹೋದ್ಯೋಗಿ, ಬೆಳಗಾವಿಯ ದಂಪತಿ. ಹಿಂದಿನ ಚಳಿಗಾಲದಲ್ಲಿ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿತಿದ್ದೆವು. ಬೇಕೆಂದಲ್ಲಿ ತಿರುಗಿ, ಬೇಕೆಂದಲ್ಲಿ ನಿಲ್ಲುವಷ್ಟು ಬರುತ್ತಿತ್ತು. ಅಷ್ಟಾದರೂ ಬಾರದವರು ಇದಕ್ಕೆ ಕೈ ಹಾಕುವುದು ಬೇಡ. ದಮ್ಮಿಗಾಗಿ ಭಾನುವಾರಗಳಂದು ಆತ್ಕರವಾಡಿ ಕಡೆಯಿಂದ ಸಿಂಹಗಡ ಹತ್ತಿದೆವು, ಬೆನ್ನಿನ ಚೀಲಕ್ಕೆ ನೀರಿನ ಬಾಟಲಿಗಳನ್ನು ತುಂಬಿಕೊಂಡು. ಮೇಲೆ ಸಿಗುವ ಪಿಠಲಾ ಭಾಕ್ರಿ ತರಬೇತಿಯ ಭಾಗವಲ್ಲವಾದರೂ ಬಿಟ್ಟು ಬಂದದ್ದಿಲ್ಲ.

ಹೆಚ್ಚು ಹೊತ್ತು ಕೊಟ್ಟದ್ದು ಬೀಕನ್ ಅಭ್ಯಾಸಕ್ಕೆ. ಎದೆಗೆ ಕಟ್ಟಿಕೊಳ್ಳುವ ಈ ಪುಟ್ಟ ಯಂತ್ರ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳುಹಿಸುತ್ತಿರುತ್ತದೆ. ಹಿಮಕುಸಿತದಲ್ಲಿ ಒಬ್ಬರು ಹೂತುಹೋದರೆ ಉಳಿದವರು ತಮ್ಮ ಯಂತ್ರವನ್ನು ಹುಡುಕುವ ಸ್ಥಿತಿಗೆ ತಿರುಗಿಸಬೇಕು. ಸುಮಾರು 15 ನಿಮಿಷ ದಾಟಿದರೆ ಹೂತವರು ಬದುಕುವ ಸಾಧ್ಯತೆ ಥಟ್ಟನೆ ಇಳಿಯುತ್ತದೆ. ಹೊರಗಿನ ನೆರವು ಬರುವವರೆಗೆ ಕಾಯುವಂತಿಲ್ಲ. ಪರಿಚಿತರಿಂದ ಕಡ ತಂದ ಬೀಕನ್ ಒಂದನ್ನು ಚೀಲದಲ್ಲಿ ಸುತ್ತಿ ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡದ ಒಣ ಎಲೆಗಳಡಿ ಬಚ್ಚಿಡುತ್ತಿದ್ದೆವು. ತೆರೆಯ ಮೇಲಿನ ಬಾಣ ನೇರ ದಾರಿ ತೋರಿಸುವುದಿಲ್ಲ, ಕಾಂತಕ್ಷೇತ್ರದ ರೇಖೆಯಂತೆ ಬಳಸಿಕೊಂಡು ಒಯ್ಯುತ್ತದೆ. ಕೊನೆಯ ಕೆಲವು ಮೀಟರ್‌ಗಳಲ್ಲಿ ಯಂತ್ರವನ್ನು ನೆಲದ ಮಟ್ಟಕ್ಕೆ ಇಳಿಸಿ, ಉದ್ದಕ್ಕೂ ಅಡ್ಡಕ್ಕೂ ನಿಧಾನವಾಗಿ ಆಡಿಸಿ, ದೂರ ತೋರಿಸುವ ಅಂಕಿ ಅತಿ ಚಿಕ್ಕದಾಗುವ ಜಾಗ ಹಿಡಿಯಬೇಕು. ಮೊಬೈಲ್ ಹತ್ತಿರವಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ. ನಡಿಗೆಗೆ ಬಂದ ಅಜ್ಜರೊಬ್ಬರು "ಏನು ಕಳೆದುಕೊಂಡಿರಿ?" ಎಂದು ಮರಾಠಿಯಲ್ಲಿ ಕೇಳಿದರು. "ಗೆಳೆಯನನ್ನು" ಎಂದ ನಮ್ಮ ಹುಬ್ಬಳ್ಳಿಯವನು. ಅಜ್ಜ ಹೆಜ್ಜೆ ಚುರುಕು ಮಾಡಿದರು.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಮೊದಲ ದಿನ ಸುಮ್ಮನೆ ಅಡ್ಡಾಡಿ ದೇಹವನ್ನು ಒಗ್ಗಿಸಿಕೊಂಡೆವು. ಹೊರಡುವ ದಿನದ ಹಿಂದಿನ ರಾತ್ರಿ ಹೊಸ ಹಿಮ ಬಿದ್ದಿತ್ತು. ಬೆಳಗಾವಿಯವರಿಗೆ ಗುಲ್ಮಾರ್ಗ್‌ನ ಮೇಲಿರುವ ಅಫರ್ವಾಟ್ ಪರ್ವತದ ಬಯಲು ಇಳಿಜಾರುಗಳ ಮೇಲೆ ಕಣ್ಣು. ಸ್ಥಳೀಯ ಗೈಡ್ ತಲೆಯಾಡಿಸಿದರು: "ಇವತ್ತು ಬೇಡ, ಸರ್." 30ರಿಂದ 45 ಡಿಗ್ರಿ ಇಳುಕಲಿನಲ್ಲೇ ಹೆಚ್ಚಿನ ಹಿಮಕುಸಿತಗಳಾಗುವುದು, ಅದರಲ್ಲೂ ಹೊಸ ಹಿಮ ಬಿದ್ದ ಬೆನ್ನಿಗೆ. "ರೀ, ಅವರು ಬೇಡ ಎಂದಮೇಲೆ ಮುಗಿಯಿತು" ಎಂದು ಮಡದಿ ಚರ್ಚೆಗೆ ತೆರೆ ಎಳೆದರು. ಗೈಡ್‌ಗೆ ಕೊಡುವ ಹಣ ದಾರಿ ತೋರಿಸಲಿಕ್ಕಿಂತ ಹೆಚ್ಚಾಗಿ ಇಂಥ 'ಬೇಡ'ಕ್ಕೆ ಎಂದೇ ನಾನು ಎಣಿಸುತ್ತೇನೆ.

ಕಾಡಿನ ನಡುವಿನ ಸೌಮ್ಯ ಏರನ್ನು ಆರಿಸಿಕೊಂಡೆವು. ಸ್ಕೀಯ ಅಡಿಗೆ 'ಸ್ಕಿನ್' ಎಂಬ ಪಟ್ಟಿ ಅಂಟಿಸುತ್ತಾರೆ. ಅದರ ನವಿರು ಬೆಕ್ಕಿನ ಮೈಗೂದಲಿನಂತೆ ಒಂದೇ ದಿಕ್ಕಿಗೆ ಒರಗಿರುತ್ತದೆ: ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿಕೊಳ್ಳುತ್ತದೆ. ಏರುವಾಗ ಬೂಟಿನ ಹಿಮ್ಮಡಿ ಸ್ಕೀಗೆ ಬಿಗಿಯದೆ ಬಿಡುವಾಗಿರುವುದರಿಂದ ಕಾಲೆತ್ತುವ ಗೋಜಿಲ್ಲ, ಸ್ಕೀಯನ್ನು ಹಿಮದ ಮೇಲೆಯೇ ಮುಂದಕ್ಕೆ ಎಳೆದರಾಯಿತು. ಕಷ್ಟವಿರುವುದು ತಿರುವಿನಲ್ಲಿ. ಒಂದು ಸ್ಕೀ ಆಚೆ ದಿಕ್ಕಿಗೆ, ಇನ್ನೊಂದು ಈಚೆ ದಿಕ್ಕಿಗೆ ನಿಂತ ಆ ಕ್ಷಣದಲ್ಲಿ ಸಿಂಹಗಡದ ದಮ್ಮು ಯಾವ ಉಪಕಾರಕ್ಕೂ ಬರಲಿಲ್ಲ. ಸೊಂಟ ಸಡಿಲವಾಗಿದ್ದ ಬೆಳಗಾವಿಯಕ್ಕನೇ ಸಲೀಸಾಗಿ ತಿರುಗಿದರು.

ಮೇಲೆ ತಲುಪಿ ಸ್ಕಿನ್ ಕಿತ್ತು, ಅಂಟು ತಣ್ಣಗಾಗದಂತೆ ಜಾಕೆಟ್ಟಿನೊಳಗೆ ಸೇರಿಸಿ, ಹಿಮ್ಮಡಿ ಬಿಗಿದೆವು. ಗೈಡ್ ಒಬ್ಬೊಬ್ಬರನ್ನೇ ಬಿಟ್ಟರು. ಆಳದ ಪುಡಿಹಿಮದಲ್ಲಿ ಭಾರವನ್ನು ಒಂದೇ ಸ್ಕೀಯ ಮೇಲೆ ಹಾಕಿದರೆ ಅದು ಮುಳುಗುತ್ತದೆ. ಎರಡರ ಮೇಲೂ ಹಂಚಬೇಕು. ಮರದ ಬುಡದ ಸಡಿಲ ಗುಂಡಿಗಳಿಂದ ದೂರವಿದ್ದು, ಮರವನ್ನಲ್ಲದೆ ಮರಗಳ ನಡುವಿನ ಸಂದನ್ನೇ ನೋಡಬೇಕು. ಎಲ್ಲರೂ ಬಿದ್ದೆವು, ಎಲ್ಲರೂ ನಕ್ಕೆವು.

ಹೋಗುವವರಿಗೆ ಒಂದು ಮಾತು: ಸ್ಕೀಯನ್ನು ಬಾಡಿಗೆಗೆ ಪಡೆದರೆ ಸಾಕು, ಆದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಹಿಮ್ಮಡಿ ಬಿಚ್ಚಿಕೊಳ್ಳುವಂಥದ್ದೇ ಎಂದು ಮುಂಚೆಯೇ ಖಚಿತಪಡಿಸಿಕೊಳ್ಳಿ. ಬೂಟನ್ನು ಹಾಕಿಕೊಂಡು ಅರ್ಧ ಗಂಟೆಯಾದರೂ ನಡೆದು ನೋಡದೆ ಹಣ ಕೊಡಬೇಡಿ.